ಸೋಮವಾರ ಹೂಡದ ಎತ್ತು

"ಇನ್ನೊಮ್ಮೆ ಹೇಳ್ರಿ ಹೊಳೆವ್ವಾ. ಬೆಳಕು ಹೆಚ್ಚಾತು. ಗಿರಣಿ?"

"ಎಷ್ಟ ಸಲ ಹೇಳ್ಲಿ ಬಾಯಾರ? ಗಿರಣಿ ತನ್ನ ಪಾಡಿಗೆ ತಾನ ತಿರಗಾಕತ್ತಿತ್ತು."

ಹೊಳೆವ್ವ ಹಿಟ್ಟು ಬೀಳುವ ಅರಿವೆಯ ತೋಳಿಗೆ ಎರಡು ಏಟು ಹಾಕಿದಳು. ಎದ್ದ ಧೂಳು ಚಂದ್ರಮತಿಯ ಕನ್ನಡಕದ ಮೇಲೆ ಕುಳಿತಿತು. ಅವಳು ಒರೆಸಿಕೊಳ್ಳಲಿಲ್ಲ. ಗಿರಣಿಯ ಪಟ್ಟಾ ತಿರುಗುವ ಸದ್ದಿಗೆ ಕಿವಿಗೊಟ್ಟು ನಿಂತಿದ್ದಳು.

ಕರೆಂಟಿನಿಂದ ಯಾರಾದರೂ ಸತ್ತರೆ ಯಾಕೆ ಸತ್ತರು ಎಂದು ಬರೆದು ಸಹಿ ಮಾಡುವುದು ಚಂದ್ರಮತಿಯ ಕೆಲಸ. ಸಹಾಯಕ ವಿದ್ಯುತ್ ಪರಿವೀಕ್ಷಕಿ. ಕಾಗವಾಡದ ಹುಡುಗಿ. ಹೋದ ಸೋಮವಾರ ಸತ್ತಿ ಊರಿನ ಹೊಳೆದಂಡೆ ವಿದ್ಯುತ್ ಸಹಕಾರಿ ಸಂಘದ ಪವರ್‌ಹೌಸಿನಲ್ಲಿ ಪ್ಯಾನಲ್ ನೋಡಿಕೊಳ್ಳುತ್ತಿದ್ದ ಲಗಮಣ್ಣ ಸತ್ತಿದ್ದ. ನೀರಿನ ಗೇಟು ಕಾಯುತ್ತಿದ್ದ ಉತ್ತಮ ಅಥಣಿಯ ಲಾಕಪ್ಪಿನಲ್ಲಿದ್ದ.

ಸಂಘದ ಚೇರಮನ್ನರು ಹೇಳುವ ಕಥೆ ಸರಳವಾಗಿತ್ತು. ಉತ್ತಮ ಗೇಟನ್ನು ಪೂರಾ ತೆಗೆದು ನಿದ್ದೆ ಹೊಡೆದ. ನೀರು ನುಗ್ಗಿತು, ಟರ್ಬೈನುಗಳು ಹದ್ದು ಮೀರಿ ಓಡಿದವು, ವೋಲ್ಟೇಜ್ ಏರಿತು, ಪ್ಯಾನಲ್ ಸಿಡಿಯಿತು. ಚಂದ್ರಮತಿ ಇದಕ್ಕೆ ಸಹಿ ಹಾಕಿದರೆ ನಾಳೆ ಉತ್ತಮನನ್ನು ಮತ್ತೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುತ್ತಾರೆ.

"ಮಧ್ಯಾಹ್ನ ರಾಮವ್ವನ ಜ್ವಾಳ ಹಾಕಿದ್ದೆ," ಹೊಳೆವ್ವ ಹೇಳಿದಳು. "ಒಮ್ಮೆಲೇ ಬಲ್ಬಿನ್ಯಾಗ ಸೂರ್ಯಾ ಹುಟ್ಟಿದಂಗ ಆತು. ಸೋಮವಾರ ಬೆಳಕ ಯಾವಾಗ್ಲೂ ಮಂದ ಇರತೈತಿ. ಇವತ್ತ್ಯಾಕ ಇಷ್ಟ ಧರ್ಮಾ ಮಾಡಾಕತ್ತಾರ ಅಂತ ಅಂದೆ ನಾ. ಅನ್ನೂದ್ರಾಗ ಟಪ್ ಅಂತ ಒಡೀತು. ಆಮ್ಯಾಲ ಫ್ಯೂಜ್ ಹಾರ್ತು. ಕಲ್ಲ ನಿಂತ್ತು."

"ಬಲ್ಬ್ ಒಡಿಯೂತನಕ ಕಲ್ಲ ಜೋರಾಗಿ ಓಡಲಿಲ್ಲ?"

"ಕಲ್ಲ ಓಡಿದ್ರ ಹಿಟ್ಟ ಸುಡತೈತ್ರಿ. ವಾಸನಿ ಬಡೀತೈತಿ. ರಾಮವ್ವ ನನ್ನ ಬಿಡತಿದ್ಲೇನ? ಹೋದ ವರ್ಷ ಗೇಟಿನಾಗ ಗಿಡದ ಬೊಡ್ಡಿ ಸಿಕ್ಕ ಅದು ಮುಚ್ಚಲಿಲ್ಲ ನೋಡ್ರಿ, ಅವತ್ತ ಓಡಿತ್ತು ಕಲ್ಲು. ಪಟ್ಟಾ ಹಾರಿ ನನ್ನ ಕಪಾಳಕ್ಕ ಬಡೀತಿತ್ತು. ಎರಡ ಡಬ್ಬಿ ಹಿಟ್ಟ ದನಾ ಸೈತ ಮೂಸಲಿಲ್ಲ."

"ಅವತ್ತ ಗೇಟಿನ ಮ್ಯಾಲ ಯಾರಿದ್ರು?"

"ಇನ್ಯಾರು, ಅವನ ಉತ್ತಮ್ಯಾ. ಅವನ ಮನಿ ಮುಂದ ನಿಂತ ಅವನ ಮೂರ ತಲಿಮಾರ ತೊಳದ ಬಂದೀನಿ. ಅವಾ ಜೇಲಿಗೆ ಹೋದ್ರ ಪೇಢೆ ಹಂಚತೀನ್ರಿ ನಾ. ಆದ್ರ ಮಾಡದ ತಪ್ಪಿಗೆ ಹೋಗೂದ ಬ್ಯಾಡ. ಮಾಡಿದ್ದಕ್ಕ ಹೋಗ್ಲಿ."

ಚಂದ್ರಮತಿಗೆ ಮೂರು ದಿನಗಳಲ್ಲಿ ಮೊದಲ ಸಲ ನಗು ಬಂತು.

ಸಿಕ್ಕಿದ್ದು ಚಿಕ್ಕ ಮಾತಲ್ಲ. ನೀರು ಹೆಚ್ಚಾದರೆ ಟರ್ಬೈನು ಓಡುತ್ತದೆ, ಟರ್ಬೈನು ಓಡಿದರೆ ಗಿರಣಿಯ ಮೋಟಾರೂ ಅದರ ಬೆನ್ನು ಹತ್ತಿ ಓಡಲೇಬೇಕು. ಬೆಳಕು ಮಾತ್ರ ಏರಿ ಕಲ್ಲು ತನ್ನ ನಡಿಗೆಯಲ್ಲೇ ಇತ್ತೆಂದರೆ ನೀರಿನ ತಪ್ಪಲ್ಲ, ಗೇಟಿನ ತಪ್ಪಲ್ಲ. ಪವರ್‌ಹೌಸಿನ ಒಳಗೆ, ಪ್ಯಾನಲ್ಲಿನಲ್ಲಿ, ಯಾರದೋ ಕೈ ವೋಲ್ಟೇಜನ್ನು ಏರಿಸಿತ್ತು.

"ಇದನ್ನ ಚೇರಮನ್ನರ ಮುಂದ ಹೇಳತೀರಿ?"

"ಲೈನ್ ಕಟ್ ಮಾಡ್ತಾರ, ಅಷ್ಟ ಅಲ್ಲ? ಮಾಡ್ಲಿ. ನಮ್ಮತ್ತಿ ಬೀಸೂ ಕಲ್ಲ ಹಿತ್ತಲದಾಗ ಬಿದ್ದೈತಿ. ಕೈಯಿಲೆ ಬೀಸತೀನಿ."

*

ಚಂದ್ರಮತಿಯ ಚೀಲದಲ್ಲಿ ಇನ್ನೊಂದು ಸಾಕ್ಷಿ ಇತ್ತು. ಅದು ಅಂದು ಬೆಳಿಗ್ಗೆ ಸಿಕ್ಕಿದ್ದು.

ಒಡ್ಡಿನ ಕೆಳಗಿನ ಪವರ್‌ಹೌಸಿನಲ್ಲಿ ಮೂರು ಟರ್ಬೈನುಗಳು ಸಾಲಾಗಿ ಕೂತಿದ್ದವು. ಎರಡು ಹೊಸವು. ಮೂರನೆಯದು ಎಲ್ಲೋ ಮುಚ್ಚಿದ ಕಾರ್ಖಾನೆಯಿಂದ ತಂದದ್ದು. ಬೇಗ ದಣಿಯುತ್ತಿತ್ತು, ಬೇಗ ಕಾಯುತ್ತಿತ್ತು. ಪಾಳಿಯಲ್ಲಿದ್ದ ಮೂವರೂ ಹೊಲದಿಂದ ಬಂದವರು. ಅದಕ್ಕೆ ನಂದ್ಯಾ ಎಂದು ಹೆಸರಿಟ್ಟಿದ್ದರು.

ಈ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ನಂದ್ಯಾನಿಗೂ ಸೋಮವಾರ ರಜೆ. ಬೆಳಿಗ್ಗೆ ಮೈಗೆ ವಿಭೂತಿ, ತಿರುಗುವ ಕಬ್ಬಿಣದ ದಂಡಕ್ಕೆ ಚೆಂಡುಹೂವಿನ ಮಾಲೆ. ಉಳಿದ ಎರಡೇ ಆ ದಿನದ ಭಾರ ಎಳೆಯುತ್ತಿದ್ದವು. ಚೇರಮನ್ನರು ಮೊದಲು ನಕ್ಕಿದ್ದರು. ಒಂದು ದಿನ ತಣ್ಣಗಾದ ಯಂತ್ರ ಉಳಿದ ಆರು ದಿನ ತಕರಾರು ಮಾಡುವುದಿಲ್ಲ ಎಂದು ಕಂಡ ಮೇಲೆ ಸುಮ್ಮನಾದರು. ಸೋಮವಾರದ ಮಂದ ಬೆಳಕು ಇಡೀ ಊರಿಗೆ ರೂಢಿಯಾಗಿತ್ತು.

ಬಾಗಿಲು ತೆಗೆದವನು ಮುರಗೆಪ್ಪ, ಇನ್ನೊಂದು ಪಾಳಿಯವನು. ಲಗಮಣ್ಣನ ಗೆಳೆಯ.

"ಸೋಮವಾರದ ಹೂವಾ ಯಾರ ತಗದ್ರು, ಮುರಗೆಪ್ಪಾ?"

"ಯಾರ ತಗೀತಾರ್ರಿ? ಮುಂಜಾನಿ ಲಗಮಣ್ಣ ಹಾಕೂದ ನೋಡೇ ನಾ ಮನಿಗಿ ಹೋಗಿದ್ದು."

ಮಾಲೆ ಇರಲಿಲ್ಲ. ಚಂದ್ರಮತಿ ಬ್ಯಾಟರಿ ಹಿಡಿದು ಬಗ್ಗಿದಳು. ಹೂ ಪೋಣಿಸಿದ್ದ ದಾರ ದಂಡಕ್ಕೆ ಬಿಗಿಯಾಗಿ ಸುತ್ತಿ ಗ್ರೀಸಿನಲ್ಲಿ ಹೂತುಹೋಗಿತ್ತು. ಪಕ್ಕದ ಗೋಡೆಯ ಮೇಲೆ, ಸೊಂಟದ ಎತ್ತರದಲ್ಲಿ, ಹಳದಿ ಎಸಳುಗಳು ಗ್ರೀಸಿನ ಸಮೇತ ಒಂದೇ ಗೆರೆಯಲ್ಲಿ ಅಂಟಿದ್ದವು. ತಿರುಗುವ ದಂಡ ಎರಚಿದ ಗೆರೆ.

ನಂದ್ಯಾ ಸೋಮವಾರ ತಿರುಗಿದ್ದ. ಹೂ ತೆಗೆಯುವಷ್ಟು ತಾಳ್ಮೆಯೂ ಯಾರಿಗೂ ಇರಲಿಲ್ಲ.

ಮುರಗೆಪ್ಪ ಎಸಳು ನೋಡಿ ನೆಲಕ್ಕೆ ಕುಕ್ಕರಿಸಿದ.

"ಬಾಯಾರ, ಲಗಮಣ್ಣ ಜೀವಾ ಬಿಡತಾನ ಹೊರತು ಸೋಮವಾರ ನಂದ್ಯಾನ್ನ ಹೂಡೂದಿಲ್ರಿ."

"ಜೀವಾ ಬಿಟ್ಟಾನಲ್ಲ. ಅದಕ್ಕ ಕೇಳಾಕತ್ತೀನಿ. ಅವಗ ಹೂಡಂತ ಹೇಳೂವಂಥಾವ್ರು ಯಾರದಾರ?"

ಮುರಗೆಪ್ಪ ಪಂಚೆಯ ಚುಂಗಿನಿಂದ ಮೂಗು ಒರೆಸಿಕೊಂಡ.

"ಈ ಹೂವಿನ ಸುದ್ದಿ ನಿನ್ನ ಹೊಟ್ಯಾಗ ಇರಲಿ. ಹೆಂಡತಿ ಮುಂದನೂ ಬ್ಯಾಡ."

"ಆಕಿ ಮುಂದ ಹೇಳಿದ್ರ ಮುಗೀತ್ರಿ. ಮಂಗಸೂಳಿ ಊರತನಕ ಹೋಗತೈತಿ."

ಆಮೇಲೆ ಅವಳು ಪ್ಯಾನಲ್ಲಿನ ಬೀಗ ತೆಗೆದಳು. ಹಿಂದಿನ ದಿನ ಅದರ ಒಳಗನ್ನು ಅವಳು ಸರಿಯಾಗಿ ನೋಡಿರಲಿಲ್ಲ. ಚಿಕ್ಕೋಡಿಯಿಂದ ವಿರುಪಾಕ್ಷಪ್ಪನನ್ನು ಕರೆಸಿದ್ದಳು. ವೋಲ್ಟೇಜ್ ರೆಗ್ಯುಲೇಟರುಗಳನ್ನು ರಿಪೇರಿ ಮಾಡುವುದರಲ್ಲಿ ಈ ಕಡೆ ಅವನದೇ ಹೆಸರು. ಅವಳು ಯಂತ್ರಗಳನ್ನು ನೋಡುವಾಗ ಅವನು ಪ್ಯಾನಲ್ ನೋಡಿ, ಸುಟ್ಟ ಫ್ಯೂಜು ಬದಲಿಸಿದ. "ಇದ್ರಾಗ ಏನೂ ಇಲ್ರಿ ಮೇಡಂ. ಗೇಟಿಂದ ತಪ್ಪು," ಎಂದ. ಹಳೆಯ ಬೀಗ ಸಿಡಿತದಲ್ಲಿ ಸುಟ್ಟಿದ್ದರಿಂದ, ಬರುವಾಗಲೇ ತಂದಿದ್ದ ಹೊಸ ಬೀಗವನ್ನು ತಾನೇ ಹಾಕಿ ಕೀಲಿ ಅವಳ ಕೈಗೆ ಕೊಟ್ಟ. ಅವಳೇ ತನ್ನ ಲೂನಾದ ಹಿಂದೆ ಕೂರಿಸಿಕೊಂಡು ಹೋಗಿ ಅವನನ್ನು ಚಿಕ್ಕೋಡಿ ಬಸ್ಸಿಗೆ ಹತ್ತಿಸಿದ್ದಳು.

ಪ್ಯಾನಲ್ಲಿನಲ್ಲಿ ಯಂತ್ರಕ್ಕೊಂದರಂತೆ ಮೂರು ರೆಗ್ಯುಲೇಟರುಗಳು. ಒಂದೊಂದೂ ತನ್ನ ಯಂತ್ರದ ವೋಲ್ಟೇಜನ್ನು ನೋಡುತ್ತ, ಇಳಿದರೆ ಏರಿಸಿ, ಏರಿದರೆ ಇಳಿಸಿ, ಮೂರೂ ಒಂದಕ್ಕೊಂದು ಸ್ವಲ್ಪ ಸೋತು ನಡೆಯಬೇಕು. ಮೂರು ಎತ್ತಿನ ಗಾಡಿ ಅದು. ಒಂದು ತಾನೇ ಮುಂದೆ ಎಂದು ಜಗ್ಗಿದರೆ ಉಳಿದವು ದಾರಿ ಬಿಟ್ಟು ಅದರ ಜೊತೆಗೇ ಜಗ್ಗಾಟಕ್ಕೆ ನಿಲ್ಲುತ್ತವೆ. ನೀರೂ ವ್ಯರ್ಥ, ಯಂತ್ರವೂ ವ್ಯರ್ಥ.

ಮೂರರ ತಂತಿಗಳ ತುದಿಯೂ ಹೊಸದಾಗಿ ಸುಲಿದು ಮಿಂಚುತ್ತಿತ್ತು. ಕೆಳಗಿನ ಹಲಗೆಯ ಮೇಲೆ ಬೆರಳು ದಪ್ಪದ ಧೂಳು, ಅದರ ನಡುವೆ ರೇಡಿಯೋ ಅಗಲದ ಒಂದು ಸ್ವಚ್ಛ ಚೌಕ.

ಯಾವುದೋ ಡಬ್ಬಿ ಅಲ್ಲಿ ಕೂತಿತ್ತು. ಮೂರೂ ಯಂತ್ರಗಳ ಮೂಗುದಾರ ಅದರ ಕೈಯಲ್ಲಿತ್ತು. ಲಗಮಣ್ಣ ಸತ್ತ ಮೇಲೆ ಯಾರೋ ಅದನ್ನು ಎತ್ತಿಕೊಂಡು ಹೋಗಿದ್ದರು.

ಇಷ್ಟು ದೊಡ್ಡ ಗುರುತು ವಿರುಪಾಕ್ಷಪ್ಪನ ಕಣ್ಣಿಗೆ ಬೀಳಲಿಲ್ಲವೇ? ಅವಸರದಲ್ಲಿದ್ದ ಎಂದುಕೊಂಡಳು. ಊರಿಗೆ ಬೆಳಕು ಬೇಕೆಂದು ಎರಡು ಹೊಸ ಯಂತ್ರ ನಡೆಸಲು ಮುರಗೆಪ್ಪನನ್ನು ಅಲ್ಲೇ ಬಿಟ್ಟು, ಪ್ಯಾನಲ್ಲಿಗೆ ಬೀಗ ಜಡಿದು ಬಂದಿದ್ದಳು.

*

ಸಂಘದ ಆಫೀಸಿಗೂ ಹೊಳೆವ್ವನ ಗಿರಣಿಗೂ ನಡುವೆ ಒಂದೇ ಗೋಡೆ. ಹಿಟ್ಟಿನ ಧೂಳಿಗೆ ಹೆದರಿ ಕಿಟಕಿ ಮುಚ್ಚಿದ್ದರಿಂದ ಹಗಲಲ್ಲೂ ಬಲ್ಬು ಉರಿಯುತ್ತಿತ್ತು. ಚೇರಮನ್ ದಾದಾಸಾಹೇಬರು ಮೇಜಿನ ಹಿಂದಿದ್ದರು. ಇಸ್ತ್ರಿಯ ಬಿಳಿ ಅಂಗಿ, ಬೆರಳಲ್ಲಿ ಎರಡು ಉಂಗುರ. ತಟ್ಟೆಯಲ್ಲಿ ತಮ್ಮ ತೋಟದ ದ್ರಾಕ್ಷಿ ಇಟ್ಟಿದ್ದರು.

"ಬಾ ತಂಗಿ, ಕೂಡು. ಹೊತ್ತ ಮುಳಗೂಕಿಂತ ಮೊದ್ಲ ಮನ್ಯಾಗ ಊಟಾ ಮಾಡಿ ಹೋಗು. ನಿಮ್ಮ ವೈನಿ ಕಾಯಾಕತ್ತಾಳ. ನಾವ ನಾವ ಒಂದ ಸಮಾಜದವ್ರು."

"ಸಮಾಜ ಊಟಕ್ಕಿರಲಿ ದಾದಾಸಾಹೇಬ್ರ. ರಿಪೋರ್ಟಿಗೆ ಬ್ಯಾಡ."

ಅವರು ನಕ್ಕು, ಟೈಪು ಮಾಡಿಸಿದ್ದ ಹಾಳೆಯನ್ನು ಮುಂದೆ ಸರಿಸಿದರು. ಪೆನ್ನನ್ನೂ ಮುಚ್ಚಳ ತೆಗೆದು ಇಟ್ಟರು.

"ಸಹಿ ಮಾಡೂದಿಲ್ಲ," ಎಂದಳು.

"ಯಾಕವಾ?"

"ಗೇಟ ತಗದಿದ್ರ ಗಿರಣಿ ಕಲ್ಲ ಓಡಬೇಕಾಗಿತ್ತು. ಓಡಿಲ್ಲ."

"ಯಾರಂದ್ರು? ಆ ಗಿರಣಿ ಹೆಂಗಸಾ?" ದಾದಾಸಾಹೇಬರು ಗೋಡೆಯತ್ತ ಕೈ ಬೀಸಿದರು. "ಆಕಿಗೆ ಉತ್ತಮ್ಯಾ ಬೇಕಾದಾವಿದ್ದಾನು."

ಗೋಡೆಯ ಆಚೆಯಿಂದಲೇ ಉತ್ತರ ಬಂತು. "ನಿನ್ನ ಬಾಯಾಗ ಹುಳಾ ಬೀಳ್ಲಿ, ದಾದಾ! ಅವನ ಮೋತಿ ಕಂಡ್ರ ನನಗಾಗೂದಿಲ್ಲಂತ ಇಡೀ ಊರಿಗೆ ಗೊತ್ತೈತಿ!"

ಬಿಳಿ ಅಂಗಿಯ ಮೇಲೆ ದಾದಾಸಾಹೇಬರ ಮುಖ ಕೆಂಪಾಯಿತು. ಧ್ವನಿ ಇಳಿಯಿತು.

"ನೋಡ ತಂಗಿ. ನಿನ್ನ ನೌಕರಿ ಹೊಸಾದು. ಬೆಳಗಾವಿಯಾಗ, ಬೆಂಗಳೂರಾಗ ನಮ್ಮ ಮಂದಿ ಅದಾರ. ನಾಳೆ ಬೀದರಿಗೆ ಹಾಕಿದ್ರ?"

"ಬೀದರದಾಗೂ ಕರೆಂಟ್ ಐತಿ. ಅಲ್ಲೂ ಮಂದಿ ಸಾಯತಾರ. ಅಲ್ಲೂ ನನ್ನಂಥವರ ಮುಂದ ನಿಮ್ಮಂಥವ್ರು ಹಾಳಿ ಸರಸತಾರ. ನಂಗ ಊರ ಬದಲಾಗಬಹುದು, ಕೆಲಸಾ ಬದಲಾಗೂದಿಲ್ಲ."

ದಾದಾಸಾಹೇಬರು ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದರು.

"ಸೋಮವಾರ ನೀವು ಎಲ್ಲಿದ್ರಿ?"

"ಮಿರಜದಾಗ. ನಮ್ಮ ಹೆಂಡ್ತಿ ತಂಗಿ ಮಗಳ ನಿಶ್ಚಯ. ಹೋಳಿಗಿ ಉಂಡವ್ರ ಸಾಕ್ಷಿ ಎಷ್ಟ ಬೇಕು?"

"ಅಂದ್ರ ಪವರ್‌ಹೌಸ್ ಕಡೆ ಬಂದಿಲ್ಲ."

"ರಾತ್ರಿ ಬಂದ ಹೆಣಾ ನೋಡಿದ್ದು. ಅದಕ್ಕೂ ಮೊದ್ಲ ಇಲ್ಲ."

ಚಂದ್ರಮತಿ ಹಾಳೆಯನ್ನು ಕೈಗೆತ್ತಿಕೊಂಡು ಓದುವವಳಂತೆ ಕಣ್ಣಾಡಿಸಿದಳು. ಅರ್ಥವಾಗದ ಹುಡುಗಿಯ ಮುಖ ಮಾಡಿದಳು. ಅದನ್ನು ಗಂಡಸರು ಬೇಗ ನಂಬುತ್ತಾರೆ.

"ಒಂದ ತಿಳೀವಲ್ತು ನಂಗ. ಎರಡ ಮಷಿನ್ ಮ್ಯಾಲ ಊರ ಭಾರಾ ಬಿದ್ರ ವೋಲ್ಟೇಜ್ ಇಳೀಬೇಕು. ಅದು ಏರಿದ್ದು ಹೆಂಗ?"

"ಎರಡ ಎಲ್ಲೀವು?" ದಾದಾಸಾಹೇಬರು ಕುರ್ಚಿಯಲ್ಲಿ ಮುಂದೆ ಬಾಗಿದರು. ಕಲಿಸುವ ಹುಮ್ಮಸ್ಸು ಬಂದಿತ್ತು. "ಮೂರೂ ಜಗ್ಗಾಕತ್ತಿದ್ದುವು. ಮೂರಕ್ಕ ನೀರ ಬೇಕಲ್ಲ? ಅದಕ್ಕ ಆ ಹುಚ್ಚಪ್ಯಾಲಿ ಗೇಟ ಪೂರಾ ಎತ್ತ್ಯಾನ. ಇಷ್ಟ ಲೆಕ್ಕಾ."

ಚಂದ್ರಮತಿ ಹಾಳೆ ಕೆಳಗಿಟ್ಟಳು.

"ಸೋಮವಾರ ಇತ್ತು, ದಾದಾಸಾಹೇಬ್ರ."

ದ್ರಾಕ್ಷಿ ಅವರ ಬೆರಳುಗಳ ನಡುವೆ ಒಡೆದು ರಸ ಉಂಗುರದ ಮೇಲೆ ಇಳಿಯಿತು.

"ಸೋಮವಾರ ನಂದ್ಯಾ ತಿರಗೂದಿಲ್ಲ. ಊರಾಗಿನ ಕೂಸಿಗೂ ಗೊತ್ತೈತಿ. ಮಿರಜದಾಗ ಹೋಳಿಗಿ ಉಣ್ಣಾಕತ್ತಿದ್ದಾವ ಎರಡಽ ನಡದಿದ್ದುವು ಅಂತಿದ್ದ. ನೀವು ಮೂರು ಅಂದ್ರಿ."

"ಯಾರೋ... ಯಾರೋ ಹೇಳಿದ್ರು."

"ಯಾರು? ಮುರಗೆಪ್ಪ ಮನ್ಯಾಗ ಮಲಗಿದ್ದ. ಉತ್ತಮ ಒಡ್ಡಿನ ಆಚೆ ತುದಿಗಿದ್ದ, ಎರಡಕ್ಕ ಆಗೂವಷ್ಟ ನೀರ ಬಿಟ್ಟಿದ್ದೆ ಅಂತ ಇವತ್ತೂ ಹೇಳತಾನ. ಉಳದಾವ ಲಗಮಣ್ಣ. ಅವಾ ಹೇಳಿದ್ನೇನು? ಸತ್ತ ಮ್ಯಾಲ?"

ಅವಳು ಚೀಲದಿಂದ ಕಾಗದದ ಪೊಟ್ಟಣ ತೆಗೆದು ಹಾಳೆಯ ಮೇಲೆ ಬಿಚ್ಚಿದಳು. ಗ್ರೀಸು ಮೆತ್ತಿದ ದಾರ. ಕಪ್ಪಾದ ನಾಲ್ಕು ಹಳದಿ ಎಸಳು.

"ಲಗಮಣ್ಣ ಮುಂಜಾನಿ ಹಾಕಿದ ಹೂವಾ. ಇದ್ರ ಸಮೇತ ನಂದ್ಯಾನ್ನ ತಿರಗ್ಸ್ಯಾರ. ತನ್ನ ಕೈಯಿಂದ ಹಾಕಿದ್ದನ್ನ ತೆಗೀದಽ ಚಾಲೂ ಮಾಡೂವಾವಲ್ಲ ಅವಾ. ಮಾಡು ಅಂತ ಹೇಳೂ ಧೈರ್ಯ ಈ ಊರಾಗ ಒಬ್ಬರಿಗೇ ಐತಿ."

ದಾದಾಸಾಹೇಬರು ಎಸಳುಗಳನ್ನು ನೋಡಿದರು. ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ ಇಟ್ಟರು, ಮೇಜು ಹಾರಿಹೋಗುತ್ತದೆ ಎಂಬಂತೆ.

"ಅವಾ ಒಲ್ಲೆ ಅಂದ," ಎಂದರು ಕೊನೆಗೆ. "ಕೈ ಮುಗದ, 'ಸಾಹೇಬ್ರ, ನಾಳೆ ಮಾಡೂಣ್ರಿ, ಇವತ್ತ ಬ್ಯಾಡ' ಅಂದ. 'ನಾಳಿಂದ ಕೆಲಸಕ್ಕ ಬರಬ್ಯಾಡ ಹಂಗಾರ' ಅಂದೆ ನಾ. ನಿಂತ ನೋಡಿದ. ಆಮ್ಯಾಲ ಮಾಡಿದ."

"ಯಾಕ ಬೇಕಿತ್ತು ಸೋಮವಾರನ?"

"ಡಬ್ಬಿ ತೋರಸಾಕ ಒಬ್ಬಾವ ಬಂದಿದ್ದ. ಮೂರಕ್ಕೂ ಒಂದ ಡಬ್ಬಿ. ಮೂರೂ ಅದ್ರ ಮಾತ ಕೇಳತಾವು, ಇದ್ದ ನೀರಾಗ ಹೆಚ್ಚ ಕರೆಂಟ್ ಬರತೈತಿ ಅಂದ. ಮೂರೂ ತಿರಗಿದ್ರ ಗೊತ್ತಾಗೂದು, ಮತ್ತೊಂದ ದಿನಾ ಬರಾಕ ಆಗೂದಿಲ್ಲ ಅಂದ. ನಂಗೂ ಆಸೆ ಬಿತ್ತು. ಅದ್ಯಾವ್ದೋ ಒಂದ ತಂತಿ ಸಡಲ ಇತ್ತು ತಂಗಿ..."

ಅಷ್ಟು ಸಾಕಿತ್ತು ಅವಳಿಗೆ. ವೋಲ್ಟೇಜ್ ಎಷ್ಟಿದೆ ಎಂದು ಡಬ್ಬಿಗೆ ಹೇಳುವ ತಂತಿ ಕಳಚಿದರೆ, ಡಬ್ಬಿಗೆ ಕಾಣುವುದು ಸೊನ್ನೆ. ಕರೆಂಟೇ ಇಲ್ಲ ಎಂದುಕೊಂಡು ಅದು ಮೂರೂ ಯಂತ್ರಗಳನ್ನು ಒಟ್ಟಿಗೇ ಚಾವಟಿಯಿಂದ ಹೊಡೆಯುತ್ತದೆ. ಬೇರೆ ಬೇರೆ ರೆಗ್ಯುಲೇಟರು ಇದ್ದರೆ ಒಂದು ಎತ್ತು ಹುಚ್ಚೇಳುತ್ತಿತ್ತು. ಇಲ್ಲಿ ಮೂರೂ ಎದ್ದಿದ್ದವು. ಎದುರಿಗೆ ಲಗಮಣ್ಣ ನಿಂತಿದ್ದ.

"ಒಬ್ಬ ಮನಷಾ ಸತ್ತ. ಇನ್ನೊಬ್ಬನ್ನ ಜೇಲಿಗೆ ಕಳಸಾಕ ಹಾಳಿ ಟೈಪ್ ಮಾಡಸಿದ್ರಿ."

"ಆ ಡಬ್ಬಿಯಾವ ಹೇಳಿದ ಹಂಗ ಬರಿಸಿದೆ."

"ಯಾರು ಅವಾ? ಹೆಸರ ಹೇಳ್ರಿ. ನಾಳೆ ಕೋರ್ಟಿನಾಗ ಉತ್ತಮನ ಜಾಗಾದಾಗ ನೀವಽ ನಿಲ್ಲತೀರೋ, ಇಬ್ಬರೂ ನಿಲ್ಲತೀರೋ?"

ದಾದಾಸಾಹೇಬರು ಬಾಯಿ ತೆರೆದರು. ಅವರ ಕಣ್ಣು ಅವಳ ತಲೆಯ ಮೇಲಕ್ಕೆ ಹೋಗಿತ್ತು.

ಬಲ್ಬು ಬೆಳ್ಳಗಾಗುತ್ತಿತ್ತು.

ಹಳದಿ ಬೆಳಕು ಹಾಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ನೋಡಲಾಗದ ಬಣ್ಣಕ್ಕೆ. ಮೇಜಿನ ಮೇಲಿನ ಎಸಳುಗಳ ನೆರಳು ಚಾಕುವಿನಿಂದ ಕೊರೆದಂತೆ ಬಿದ್ದಿತು. ಚಂದ್ರಮತಿ ಉಸಿರು ಹಿಡಿದು ಗೋಡೆಗೆ ಕಿವಿಗೊಟ್ಟಳು. ಗಿರಣಿ ಕಲ್ಲು ಅದೇ ನಡಿಗೆಯಲ್ಲಿ, ಏನೂ ಆಗದಂತೆ, ಬೀಸುತ್ತಿತ್ತು.

"ಬಾಯಾರ!" ಹೊಳೆವ್ವ ಆಚೆಯಿಂದ ಕಿರುಚಿದಳು. "ಮತ್ತ ಹಂಗಽ ಆತು! ಕಲ್ಲ ಹಂಗಽ ಐತಿ ನೋಡ್ರಿ!"

ಉತ್ತಮ ಅಥಣಿಯಲ್ಲಿ ಸರಳುಗಳ ಹಿಂದಿದ್ದ. ದಾದಾಸಾಹೇಬರ ಎರಡೂ ಕೈ ಅವಳ ಕಣ್ಣೆದುರಿಗೇ ಮೇಜಿನ ಮೇಲಿದ್ದವು. ಪ್ಯಾನಲ್ಲಿನ ಮುಂದೆ ಈಗ ಇರಬೇಕಾದವನು ಮುರಗೆಪ್ಪ ಒಬ್ಬನೇ. ಅವನ ಹತ್ತಿರ ಕೀಲಿ ಇರಲಿಲ್ಲ.

"ಯಾರವಾ?" ಅವಳು ಮೇಜು ಗುದ್ದಿದಳು.

"ಅವಾ ಹೋದ ಅಂತ ತಿಳದಿದ್ದೆ," ದಾದಾಸಾಹೇಬರ ತುಟಿ ಬಿಳಿಚಿತ್ತು. "ನಿನ್ನೆ ನೀನಽ ಅಲ್ಲ ಅವನ್ನ ಬಸ್ ಹತ್ತಿಸಿದ್ದು?"

ಬಲ್ಬು ಸಿಡಿಯಿತು. ಸಹಿ ಇಲ್ಲದ ಹಾಳೆಯ ಮೇಲೆ ಗಾಜಿನ ಚೂರು ಉದುರಿತು. ಪಕ್ಕದಲ್ಲಿ ಕಲ್ಲು ನರಳಿ ನಿಂತಿತು.

ಕತ್ತಲಲ್ಲಿ ಚಂದ್ರಮತಿಯ ಕೈ ಚೀಲದೊಳಗೆ ಹೋಯಿತು. ವಿರುಪಾಕ್ಷಪ್ಪ ಕೊಟ್ಟ ಪ್ಯಾನಲ್ಲಿನ ಕೀಲಿ ಅಲ್ಲೇ ಇತ್ತು, ತಣ್ಣಗೆ, ಒಂದೇ ಒಂದು. ಲೂನಾದತ್ತ ಓಡುವಾಗ ಅವಳ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಹೊಸ ಬೀಗಕ್ಕೆ ಯಾವ ಅಂಗಡಿಯವನೂ ಒಂದೇ ಕೀಲಿ ಕೊಡುವುದಿಲ್ಲ.